ಕಿಂಡಿಯಲ್ಲಿ ಸಿಕ್ಕ ಮರಿ

ಮಗು ಮೂರು ಸಲ ಉಸಿರಾಡುವಷ್ಟು ಹೊತ್ತು ಇನಾಲುಕ್ ತನ್ನ ಉಸಿರನ್ನೇ ಮರೆತಿರುತ್ತಿದ್ದಳು. ಮಿಕಿ ಹುಟ್ಟಿದ ಏಳು ತಿಂಗಳಿಂದ ಇದೇ ಕಾಯಕ: ಎದೆ ಏರಿತೇ, ಇಳಿಯಿತೇ ಎಂದು ನೋಡುತ್ತ ಕೂರುವುದು. ನೂಕ್ ಪಟ್ಟಣದಲ್ಲಿ ಓದಿ ಬೆಳೆದವಳು ಓಡಾಕ್‌ನನ್ನು ಮದುವೆಯಾಗಿ ಉತ್ತರದ ಈ ಹತ್ತು ಮನೆಯ ದ್ವೀಪಕ್ಕೆ ಬಂದಿದ್ದಳು. ಈಗ ಮೂರು ದಿನದಿಂದ ಇನ್ನೊಂದು ಉಸಿರಿನ ಚಿಂತೆಯೂ ಅವಳ ತಲೆ ಹೊಕ್ಕಿತ್ತು.

ಈ ಸಲ ಕೊಲ್ಲಿ ಒಂದೇ ವಾರದಲ್ಲಿ ಹೆಪ್ಪುಗಟ್ಟಿತ್ತು. ದೋಣಿ ಓಡದು, ಹೆಲಿಕಾಪ್ಟರ್ ಬಂದು ಮೂರು ವಾರವಾಗಿತ್ತು. ಓಡಾಕ್ ನಾಯಿಬಂಡಿ ಹೂಡಿಕೊಂಡು ಹಿಮನದಿಯ ಬುಡಕ್ಕೆ ಮೀನಿಗೆ ಹೋಗಿದ್ದ. ಮೂರು ದಿನದ ಹಿಂದೆ ಕುಡಿಯುವ ನೀರಿಗೆಂದು ಹಿಮಗಡ್ಡೆ ಒಡೆಯಲು ಹೋದ ಇನಾಲುಕ್‌ಗೆ, ಬಂಡೆಯ ಆಚೆ ಯಾರೋ ನಿಟ್ಟುಸಿರು ಬಿಟ್ಟಂತೆ ಕೇಳಿಸಿತು. ಬಗ್ಗಿ ನೋಡಿದಳು.

ಹೆಪ್ಪುಗಟ್ಟಿದ ಕೊಲ್ಲಿಯ ನಡುವೆ ಊಟದ ಮೇಜಿನಷ್ಟು ಅಗಲದ ಕಿಂಡಿ. ಅದರಲ್ಲಿ ಉಸಿರಿಗೆಂದು ಸರದಿಯಂತೆ ತಲೆ ಎತ್ತುವ ನಾರ್ವಾಲ್ ತಿಮಿಂಗಿಲಗಳು, ಹದಿನೈದರ ಮೇಲೇ ಇದ್ದವು. ಗಂಡುಗಳ ಉದ್ದನೆಯ ದಂತಗಳು ಒಂದಕ್ಕೊಂದು ತಾಗಿ ಟಕ್ಕೆನ್ನುತ್ತಿದ್ದವು. ನಡುವೆ ಬೂದು ಬಣ್ಣದ ಒಂದು ಮರಿ. ತಾಯಿ ಮೈಯೊಡ್ಡಿ ಅದಕ್ಕೆ ಜಾಗ ಮಾಡಿಕೊಡುತ್ತಿತ್ತು.

ಇಲ್ಲಿನ ಕಟ್ಟಳೆಯಂತೆ, ಹೀಗೆ ಸಿಕ್ಕಿಬಿದ್ದವನ್ನು ಕಂಡವರು ಮನೆಗೆ ಬಂದು ಕೈಗವಸು ಕಳಚುವ ಮೊದಲೇ ಎಲ್ಲರಿಗೂ ಸಾರಬೇಕು. ಮಾಂಸ ಮನೆಮನೆಗೂ ಪಾಲಾಗಬೇಕು. ಬಚ್ಚಿಟ್ಟರೆ ಊರಿನ ಬಾಯಿಂದ ತುತ್ತು ಕಸಿದಂತೆ. ಇನಾಲುಕ್‌ಗೆ ಅದು ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಒಂದು ಮೈಲಿ ಆಳಕ್ಕೆ ಮುಳುಗುತ್ತವೆ, ಇಪ್ಪತ್ತೈದು ನಿಮಿಷ ಉಸಿರು ಕಟ್ಟಬಲ್ಲವು ಎಂದು ಶಾಲೆಯಲ್ಲಿ ಓದಿದ್ದಳಲ್ಲ! ಅಂಥವಕ್ಕೆ ದಾರಿ ಸಿಗದೇ ಹೋದೀತೇ? ಕಬ್ಬಿಣದ ಉಳಿ ಹಿಡಿದು ಮೂವತ್ತು ಹೆಜ್ಜೆ ಆಚೆ ಒಂದು ಕಿಂಡಿ ಕೊರೆದಳು, ಮರುದಿನ ಇನ್ನೊಂದು. ಎರಡೂ ಬೆಳಗಾಗುವಷ್ಟರಲ್ಲಿ ಮುಚ್ಚಿಕೊಂಡವು. ತೆರೆದ ಕಡಲು ನಲವತ್ತು ಮೈಲಿ ದೂರ. ಮೊದಲ ದಿನ ದೊಡ್ಡವು ಮುಳುಗಿ ಇಪ್ಪತ್ತು ನಿಮಿಷ ಹುಡುಕಿ, ಅದೇ ಕಿಂಡಿಗೆ ವಾಪಸು ಬಂದಿದ್ದವು. ಇಂದು ಎಂಟೇ ನಿಮಿಷ. ತಾಯಿಯಂತೂ ಕೆಳಗಿಳಿಯಲೇ ಇಲ್ಲ. ಕಾಲಡಿ ಅಷ್ಟು ಆಳವಿದ್ದೂ ಅವಕ್ಕೆ ಉಳಿದದ್ದು ಒಂದು ಮೇಜಿನಷ್ಟು ಜಾಗ, ಅದೂ ಅಂಚಿನಿಂದ ಕಿರಿದಾಗುತ್ತಿತ್ತು.

ಮನೆಗೆ ಬಂದಾಗ ಅತ್ತೆ ಬೊಲೆತ್ತೆ ಮೊಮ್ಮಗನನ್ನು ಮಡಿಲಲ್ಲಿ ಕೂರಿಸಿಕೊಂಡು ಉಳಿಯ ಮೊನೆ ಸವರುತ್ತಿದ್ದಳು. ಮಿಕಿಗೆ ಅವಳ ತೀರಿಹೋದ ತಂದೆಯ ಹೆಸರು, ಹಾಗಾಗಿ ಅವಳ ಬಾಯಲ್ಲಿ ಅವನು "ಅಪ್ಪಯ್ಯ".

"ನೋಡು ಅಪ್ಪಯ್ಯ, ನಿಮ್ಮಮ್ಮ ಕುಡಿಯೋ ನೀರಿಗೆ ಇಡೀ ಕೊಲ್ಲೀನೇ ಅಗೀತಿದಾಳೆ. ಉಳಿ ಮೊಂಡಾಗಿದೆ, ಬಿಂದಿಗೆ ಮಾತ್ರ ಖಾಲಿ."

ಇನಾಲುಕ್ ಬಾಗಿಲು ಎಳೆದುಕೊಂಡಳು. "ನಿಮಗೆ ಗೊತ್ತಿತ್ತಾ, ಅತ್ತೆ?"

"ಮೊನ್ನೆಯಿಂದ. ನಿನ್ನ ತೋಳಿಗೆ ಅವುಗಳ ಉಸಿರಿನ ವಾಸನೆ ಅಂಟಿದೆ ಕಣೇ."

"ಮತ್ತೆ ನೀವೇ ಯಾಕೆ ಹೇಳಲಿಲ್ಲ?"

"ಕಂಡೋಳು ನೀನು. ಕಂಡೋರೇ ಹೇಳ್ಬೇಕು. ನಾನು ಬಾಯಿ ಬಿಟ್ರೆ ನೀನು ಬಚ್ಚಿಟ್ಟೋಳು ಅನ್ನಿಸ್ಕೋತೀಯ, ಸಾಯೋವರೆಗೂ."

"ಅಲ್ಲೊಂದು ಮರಿ ಇದೆ, ಅತ್ತೆ. ಗಾಳಿ ಎದ್ದು ಹಿಮ ಒಡೆದ್ರೆ..."

"ಗಾಳಿ!" ಬೊಲೆತ್ತೆ ಕಿಟಕಿಯತ್ತ ಗಲ್ಲ ಎತ್ತಿದಳು. ಆಚೆ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. "ಕಿಂಡಿ ಮುಚ್ಚಿಕೊಂಡ್ರೆ ಕೆಳಗೇ ಸಾಯ್ತವೆ, ಒಂದೊಂದಾಗಿ. ಮೊದಲು ಯಾವುದು ಹೋಗತ್ತೆ, ನೀನೇ ಹೇಳು."

ಇನಾಲುಕ್ ಮಗನತ್ತ ನೋಡಿದಳು. ಮಿಕಿ ಅಜ್ಜಿಯ ಬೆರಳು ಚೀಪುತ್ತಿದ್ದ. ಅವನ ಎದೆ ಏರಿತು, ಇಳಿಯಿತು. ಗೋಡೆಯ ಫೋನಿನ ಪಕ್ಕ ಸುತ್ತಲ ಊರುಗಳಿಗೆಲ್ಲ ಸುದ್ದಿ ಮುಟ್ಟಿಸುವ, ಕಾನಾಕ್ ಪಟ್ಟಣದ ಬೇಟೆಗಾರರ ಮುಖಂಡನ ನಂಬರು ಓಡಾಕ್‌ನ ಸೊಟ್ಟ ಅಕ್ಷರದಲ್ಲಿತ್ತು. ಅವಳಿನ್ನೂ ಕೈಗವಸು ಕಳಚಿರಲಿಲ್ಲ. ಹಲ್ಲಿನಿಂದ ಒಂದನ್ನು ಎಳೆದು, ಗುಂಡಿಗಳನ್ನು ಒತ್ತಿದಳು.

"ಓಡಾಕ್‌ನ ಮನೆಯಿಂದ, ನಾನು ಇನಾಲುಕ್. ಬಂಡೆಯ ಹಿಂದೆ ಕಿಂಡೀಲಿ ನಾರ್ವಾಲ್ ಸಿಕ್ಕಿವೆ, ಹದಿನೈದರ ಮೇಲೆ. ಕಂಡದ್ದು ನಾನು. ಇವತ್ತಲ್ಲ, ಮೂರು ದಿನ ಆಯ್ತು."

ಆ ಕಡೆಯ ಬೈಗುಳಕ್ಕೆ ಕಾಯದೆ ಅವಳೇ ಮುಂದುವರಿಸಿದಳು.

"ಬೇಗ ಬನ್ನಿ. ಒಂದು ತಾಯಿ ಇದೆ, ಪಕ್ಕದಲ್ಲಿ ಮರಿ. ಮೊದಲು ಅವೆರಡನ್ನೂ ಮುಗಿಸಿ, ಒಟ್ಟಿಗೇ. ಒಂದು ಸಾಯೋದನ್ನ ನೋಡ್ತಾ ಇನ್ನೊಂದು ಕಾಯೋ ಹಾಗೆ ಮಾಡ್ಬೇಡಿ."