ಮರಗಟ್ಟುವವರೆಗೆ ಕಾಯಿರಿ

ಉಗುರುಸುತ್ತಾದ ಹೆಬ್ಬೆರಳನ್ನು ನಿಂಬೆಹಣ್ಣಿನೊಳಗೆ ತೂರಿಸಿಕೊಂಡೇ ನಾನು ಶಿಡ್ಲಘಟ್ಟದ ಕ್ಲಿನಿಕ್ಕಿಗೆ ಹೋದೆ. ನಿಂಬೆಹಣ್ಣು ನಮ್ಮತ್ತೆಯ ಮದ್ದು. ಅದು ಕೀವನ್ನು ಎಳೆಯಲಿಲ್ಲ, ಬೆರಳು ಊದಿ ಮಣಿಕಟ್ಟಿನವರೆಗೂ ಸಿಡಿಯುತ್ತಿತ್ತು. ಬೇಯಿಸಿದ ರೇಷ್ಮೆಗೂಡಿನ ಬಿಸಿನೀರಲ್ಲಿ ಕೈಯಾಡಿಸಿ ನೂಲಿನ ಎಳೆ ಹುಡುಕುವುದು ನಮ್ಮಿಬ್ಬರ ಕೆಲಸ. ಅತ್ತೆಯೂ ಜೊತೆಗೆ ಬಂದಿದ್ದರು.

ಡಾಕ್ಟರು ನನ್ನ ಅಂಗೈ ತಿರುಗಿಸಿ ನೋಡಿದರು. "ಕೊಯ್ದು ಕೀವು ತೆಗೀಬೇಕಮ್ಮ. ನೂಲು ಬಿಚ್ಚೋ ಕೈ ಅಲ್ವಾ, ನಿಮಗೇನೂ ಗೊತ್ತಾಗಲ್ಲ."

"ಮರಗಟ್ಟೋ ಇಂಜೆಕ್ಷನ್ ಹಾಕಿ," ಎಂದೆ.

"ಇಷ್ಟಕ್ಕೆಲ್ಲ ಬೇಕಾ? ಹೊರಗೆ ಎಷ್ಟು ಜನ ಕಾಯ್ತಿದ್ದಾರೆ ನೋಡಿ."

ಅತ್ತೆಯೂ ಅವರ ಪರವೇ, ಅರ್ಧ ತೆಲುಗಿನಲ್ಲೇ ಗದರಿದರು. "ಊರುಕೋಮ್ಮ, ಸುಮ್ನಿರು. ನನ್ನ ಬೆರಳು ಕೊಯ್ದಾಗ ನಾನು ತುಟಿ ಬಿಚ್ಚಲಿಲ್ಲ."

ಆ ಕಥೆ ಮದುವೆಯಾಗಿ ಬಂದಾಗಿನಿಂದ ಕೇಳುತ್ತಲೇ ಇದ್ದೇನೆ. ನಮ್ಮ ಶೆಡ್ಡಿನಲ್ಲಿ ಬಿಸಿನೀರಿಂದ ಕೈ ಎಳೆದುಕೊಂಡವಳನ್ನು "ಬೆಣ್ಣೆ ಕೈ" ಎಂದು ಎಲ್ಲರೂ ನಗುವುದು ವಾಡಿಕೆ, ನಗು ಶುರುಮಾಡುವವರೇ ಅತ್ತೆ. ನನಗೆ ಮೈಯೆಲ್ಲ ಉರಿಯಿತು. ನಮ್ಮ ಕೈ ಸುಡುವುದಿಲ್ಲ ಅಂತ ಇವರಿಗೆ ಹೇಳಿದವರ್ಯಾರು? ದಿನಾ ಸುಡುತ್ತದೆ. ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೇ. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಇಂಜೆಕ್ಷನ್ ಇಲ್ದೆ ಕೈ ಕೊಡಲ್ಲ. ಬೇಕಾದ್ರೆ ಚಿಂತಾಮಣಿಗೆ ಹೋಗ್ತೀನಿ."

ಡಾಕ್ಟರು ಮುಖ ಊದಿಸಿಕೊಂಡೇ ಬೆರಳಿನ ಬುಡದ ಎರಡೂ ಬದಿಗೆ ಸೂಜಿ ಚುಚ್ಚಿದರು. ಅದೇ ಕಣ್ಣಲ್ಲಿ ನೀರು ತರಿಸಿತು. ಕೂಡಲೇ ಬ್ಲೇಡು ಎತ್ತಿಕೊಂಡರು.

"ಇನ್ನೂ ಗೊತ್ತಾಗ್ತಿದೆ. ಮರಗಟ್ಟೋವರ್ಗೂ ಕಾಯಿರಿ."

ಕಾದರು. ಚಿವುಟಿ ನೋಡಿದರು. ಇನ್ನೂ ಇಲ್ಲ ಎಂದೆ. ಹೊರಗಿನವರು ಗೊಣಗಿದರು, ಗೊಣಗಲಿ. ಕೊನೆಗೆ ಬೆರಳು ನನ್ನದೇ ಅಲ್ಲ ಅನ್ನಿಸಿದಾಗ ಕೈ ಮುಂದೆ ಚಾಚಿದೆ. ಡಾಕ್ಟರು ಕೊಯ್ದು ಕೀವು ಒತ್ತಿದ್ದು ತಿಳಿಯಿತು, ನೋವಿಲ್ಲ. ಮನೆಗೆ ಯಾವ ಬಸ್ಸಿಗೆ ಹೋಗೋಣ ಎಂದು ಅತ್ತೆಯನ್ನು ಕೇಳುತ್ತಾ ಕೂತಿದ್ದೆ.

ಅತ್ತೆ ಬಗ್ಗಿ ನನ್ನ ಬೆರಳನ್ನೇ ನೋಡಿದರು. "ನಿಜವಾಗ್ಲೂ ನೋವಿಲ್ವೇನೇ?"

"ಇಲ್ಲತ್ತೆ."

ಅತ್ತೆ ತಮ್ಮ ಸೊಟ್ಟಗಾದ ತೋರುಬೆರಳನ್ನು ಸವರಿಕೊಂಡು ಡಾಕ್ಟರ ಕಡೆ ತಿರುಗಿದರು. "ಈ ಇಂಜೆಕ್ಷನ್ನು ಹೊಸದಾಗಿ ಬಂದಿರೋದಾ ಸ್ವಾಮಿ?"

"ಇಲ್ಲಮ್ಮ, ಹಳೇದು. ನಾನು ಹುಟ್ಟೋಕೆ ಮುಂಚಿನದು."

"ಮತ್ತೆ ಅವತ್ತು ನಂಗ್ಯಾಕೆ ಹಾಕ್ಲಿಲ್ಲ?"

"ನೀವು ಕೇಳಿರಲ್ಲ."

"ಇದೆ ಅಂತ ಗೊತ್ತಿದ್ರೆ ತಾನೇ ಕೇಳೋದು?" ಎಂದರು ಅತ್ತೆ. ಡಾಕ್ಟರು ತಲೆ ತಗ್ಗಿಸಿ ಪಟ್ಟಿ ಸುತ್ತಿದರು.

ಮಾರನೆಯ ದಿನ ನಾನು ಪಟ್ಟಿ ಕಟ್ಟಿದ ಕೈಯಲ್ಲಿ ಶೆಡ್ಡಿಗೆ ಹೋದಾಗ ಒಬ್ಬಳು, "ಸೊಸೆ ಬೆಣ್ಣೆ ಕೈ ಅಂತಲ್ಲ" ಎಂದು ನಕ್ಕಳು. ಉಳಿದವರೂ ಸೇರಿಕೊಂಡರು. ಅತ್ತೆ ಬಿಸಿನೀರಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡರು.

"ನಗಬೇಡ್ರೇ. ನನ್ನ ಬೆರಳು ಕೊಯ್ದಾಗ ಬೀದಿಗೆಲ್ಲ ಕೇಳೋ ಹಂಗೆ ಕಿರುಚಿದ್ದೆ. ಇವಳ ಮಾವ ಕೈ ಅದುಮಿ ಹಿಡ್ಕೊಂಡಿದ್ರು. ಇಷ್ಟು ವರ್ಷ ನಿಮಗೆ ಸುಳ್ಳು ಹೇಳ್ದೆ."