ನೀರಿನೊಳಗಿನ ದೀಪಗಳನ್ನು ಹಿಡಿಯುತ್ತಿದ್ದವರು

ಪುತ್ತೂರಿನ ಫೋಟೋ ಸ್ಟುಡಿಯೋದವರೊಬ್ಬರು ಕಾರ್ತಿಕ ದೀಪೋತ್ಸವದಂದು ನಮ್ಮ ದೇವಸ್ಥಾನಕ್ಕೆ ಬಂದರೆ, ಸುತ್ತ ಉರಿಯುವ ಹಣತೆಗಳತ್ತ ನೋಡದೆ ಕೆರೆಯ ಮೆಟ್ಟಿಲಲ್ಲಿ ಮೊಣಕಾಲೂರುತ್ತಿದ್ದರು. ಅವರಿಗೆ ಬೇಕಾದದ್ದು ನೀರಿನೊಳಗಿನ ದೀಪಗಳ ಚಿತ್ರ ಮಾತ್ರ. ಯಾರಾದರೂ ಮೀನುಗಳಿಗೆ ಅರಳು ಎಸೆಯಲು ಬಂದರೆ, "ನೀರು ಒಮ್ಮೆ ನಿಲ್ಲಲಿ ಮಾರಾಯ್ರೆ" ಎಂದು ಕೈಮುಗಿಯುತ್ತಿದ್ದರು.

ಒಂದು ವರ್ಷ ಎಣ್ಣೆ ತೀರಿ ಹಣತೆಗಳು ಆರತೊಡಗಿದರೂ ಅವರಿಗೆ ಒಂದು ಚಿತ್ರವೂ ದೊರೆತಿರಲಿಲ್ಲ. ಕೊನೆಗೆ ನೀರು ನಿಶ್ಚಲವಾಯಿತು. ಅಷ್ಟರಲ್ಲಿ ವೃದ್ಧೆಯೊಬ್ಬರು ಬಂದು ಅರಳಿನ ಪೊಟ್ಟಣ ಬಿಚ್ಚಿದರು.

"ಮಗಳಿಗೆ ಸುಖವಾಗಿ ಹೆರಿಗೆ ಆಯ್ತು. ಮೀನಿಗೆ ಹಾಕುವ ಹರಕೆ ಉಂಟು. ಕಾಯ್ಬೇಕಾ?"

"ಹರಕೆಗೆ ಎಂತ ಕಾಯುದು ಅಮ್ಮಾ? ಹಾಕಿ."

ಮೀನುಗಳು ಒಮ್ಮೆಲೇ ಮೇಲೆದ್ದವು. ನೀರಿನೊಳಗೆ ಉಳಿದಿದ್ದ ಕೆಲವೇ ದೀಪಗಳ ಬಿಂಬಗಳು ಒಡೆದು ಕೆರೆಯ ತುಂಬ ಹರಡಿದವು. ಸ್ಟುಡಿಯೋದವರು ಕ್ಯಾಮೆರಾ ಎತ್ತುವುದನ್ನೇ ಮರೆತು, "ಅಬ್ಬಾ, ಎಷ್ಟು ದೀಪ!" ಎಂದರು.