ಟೆಂಡರಿನ ಎಡಮಗ್ಗುಲ ತೇಪೆ

ದೆವ್ವ, ಶಕುನ ಅಂತ ಯಾರಾದರೂ ಶುರು ಮಾಡಿದರೆ, ಕೆಲಸವಿಲ್ಲದವರ ಹರಟೆ ಎಂದು ಎದ್ದು ಹೋಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ನಾನು ಓದಿದ್ದು ಏಳನೇ ಕ್ಲಾಸು. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೋಲ್ಡರಿಂಗ್ ಮಾಡಿಯೇ ವಯಸ್ಸು ಕಳೆದೆ. ರಿಟೈರ್ ಆದ ಮೇಲೂ ಕೈ ಸುಮ್ಮನಿರಲಿಲ್ಲ. ಹಿತ್ತಾಳೆ ತಗಡು ಕತ್ತರಿಸಿ ಬೆಸೆದು, ಹಿಂದೆ ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆಗೆ ಓಡುತ್ತಿದ್ದ ಸಣ್ಣ ರೈಲಿನ ಗಾಡಿಗಳ ಮಾದರಿ ಮಾಡತೊಡಗಿದೆ. ನಮ್ಮಣ್ಣ ಆ ರೈಲಿನಲ್ಲಿ ಬೆಂಕಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿದ್ದ.

ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣು ತಿಂದುಹಾಕಿತು. ಅಲ್ಲಾಳಸಂದ್ರದ ಮಗಳ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಊಟಕ್ಕೆ ಕರೆದರೂ ಮಾತಿಲ್ಲ. ತಿಂಗಳುಗಟ್ಟಲೆ ಹಾಗಿದ್ದವನು ಒಂದು ದಿನ ನನ್ನ ಕೇಳಿದ:

"ನನ್ ಇಂಜಿನ್ ಮಾಡ್ಕೊಡ್ತೀಯೇನೆ? ಕೈಲಿ ನೋಡ್ತೀನಿ."

ಕಣ್ಣು ಹೋದ ಮೇಲೆ ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ತಪ್ಪು ಮಾಡುವ ಹಾಗಿರಲಿಲ್ಲ.

ಒಂದು ಆಟಿಕೆ ಇಂಜಿನ್ನು ತಂದು ಪ್ಲಾಸ್ಟಿಕ್ ಕವಚ ಕಿತ್ತೆಸೆದೆ. ಚಕ್ರ, ಮೋಟಾರು ಉಳಿಸಿಕೊಂಡು ಮೇಲೆ ಹಿತ್ತಾಳೆಯ ಮೈ ಕಟ್ಟಿದೆ. ಅಳತೆಗೆ ಅಣ್ಣನ ಬಳಿ ಇದ್ದ ಒಂದೇ ಒಂದು ಫೋಟೋ. ಅದರಲ್ಲಿ ಬಲಗಡೆ ಮಾತ್ರ ಕಾಣುತ್ತಿತ್ತು. ಎಡಗಡೆಯನ್ನೂ ಹಾಗೇ ಮಾಡಿದೆ.

ಇಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿಗೆ ಟೆಂಡರ್ ಅನ್ನುತ್ತಾರೆ. ಅದನ್ನು ಮುಗಿಸಿದ ಸಂಜೆ ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದು ಮೇಜಿನ ಮೇಲಿಟ್ಟೆ. ಎರಡೂ ಮಗ್ಗುಲು ತಟ್ಟೆಯ ಹಾಗೆ ನುಣ್ಣಗಿದ್ದವು. ಬೆಳಿಗ್ಗೆ ನೋಡುತ್ತೇನೆ, ಎಡಮಗ್ಗುಲಲ್ಲಿ ತೊಗರಿಬೇಳೆಯಷ್ಟು ಒಂದು ತೇಪೆ. ಚೌಕ, ಒಂದು ಮೂಲೆ ಮಾತ್ರ ಕತ್ತರಿಸಿದ್ದು.

ಮನೆಯಲ್ಲಿ ನಾನು, ಸೊಸೆ ಇಬ್ಬರೇ. ಅವಳಿಗೆ ಸೋಲ್ಡರಿಂಗ್ ಐರನ್ನಿನ ಯಾವ ತುದಿ ಕಾಯುತ್ತದೆ ಅನ್ನುವುದೂ ಗೊತ್ತಿಲ್ಲ. ಅಲ್ಲದೆ ಬೆಸುಗೆ ಮುಗಿಸುವಾಗ ನಾನು ಐರನ್ನನ್ನು ಮೇಲಕ್ಕೆ ಎಳೆಯುತ್ತೇನೆ, ಸಣ್ಣ ಬಾಲ ಉಳಿಯುತ್ತದೆ. ಸೂಪರ್‌ವೈಸರ್ ಎಷ್ಟು ಬೈದರೂ ಆ ಚಾಳಿ ಹೋಗಲಿಲ್ಲ. ಈ ತೇಪೆಗೂ ಅದೇ ಬಾಲ. ನನ್ನದೇ ಕೈಕೆಲಸ. ಹಾಕಿದ ನೆನಪು ಮಾತ್ರ ಇಲ್ಲ.

ವಯಸ್ಸಿನ ಮರೆವು ಅಂದುಕೊಂಡೆ. ಫೋಟೋದಲ್ಲಿಲ್ಲದ್ದು ನನಗೆ ಬೇಡ ಎಂದು ಅರದಲ್ಲಿ ಉಜ್ಜಿ ತೆಗೆದುಬಿಟ್ಟೆ.

ಭಾನುವಾರ ಅಣ್ಣನ ತೊಡೆಯ ಮೇಲಿಟ್ಟೆ. ಚಿಮಣಿ, ಚಕ್ರ, ಟೆಂಡರಿನ ಬಲಗಡೆ ಎಲ್ಲ ಸವರಿ ತಲೆಯಾಡಿಸಿದ. ಎಡಗಡೆಗೆ ಬಂದಾಗ ಬೆರಳು ಹೋಯಿತು, ಬಂತು, ನಿಂತಿತು.

"ತೇಪೆ ಎಲ್ಲೇ?"

"ಯಾವ ತೇಪೆ ಅಣ್ಣ?"

ಆಗ ಹೇಳಿದ. ಒಂದು ದಿನ ಡ್ರೈವರ್ ಟೀ ಕುಡಿಯಲು ಹೋದಾಗ, ಫೈರ್‌ಮನ್ ಮುಟ್ಟಬಾರದ ಹಿಡಿಕೆ ಮುಟ್ಟಿ ತಾನೇ ಇಂಜಿನ್ ಓಡಿಸಿದ್ದನಂತೆ. ಪಕ್ಕದ ಗೂಡ್ಸ್ ಡಬ್ಬಿಗೆ ತಗುಲಿ ಟೆಂಡರ್ ಹರಿದು ನೀರು ಸುರಿಯಿತಂತೆ. ಶೆಡ್ಡಿನ ಗೆಳೆಯನೊಬ್ಬ ಯಾರಿಗೂ ತಿಳಿಯುವ ಮೊದಲೇ ಕೈಗೆ ಸಿಕ್ಕ ತಗಡಿನ ಚೂರು ಬಡಿದು ತೇಪೆ ಹಾಕಿದನಂತೆ.

"ಒಂದ್ ಮೂಲೆ ಇರ್ಲಿಲ್ಲ ಆ ಚೂರಿಗೆ. ಗೊತ್ತಾಗಿದ್ರೆ ಕೆಲ್ಸ ಹೋಗ್ತಿತ್ತು ಕಣೇ, ಯಾರಿಗ್ ಹೇಳ್ಲಿ? ನಿಮ್ಮತ್ತಿಗೆಗೂ ಹೇಳ್ಲಿಲ್ಲ."

ಇಂಜಿನ್ನನ್ನು ನನ್ನ ಕೈಗೆ ವಾಪಸು ಕೊಟ್ಟ. "ಇದು ಬೇರೆಯವ್ರದ್ದು," ಅಂದು ಮತ್ತೆ ಗೋಡೆಯ ಕಡೆ ತಿರುಗಿದ.

ನಾನು ಇಂಜಿನ್ನನ್ನು ಚೀಲಕ್ಕೆ ಹಾಕಿಕೊಂಡೆ. ಶೆಟ್ಟಿಹಳ್ಳಿಯ ಮನೆಗೆ ಬಂದವಳೇ ಐರನ್ ಕಾಯಿಸಿದೆ. ಅರ ಉಜ್ಜಿದ ಗುರುತಿನ ಮೇಲೇ, ಮೂಲೆ ಕತ್ತರಿಸಿದ ಹೊಸ ಚೂರು ಕೂರಿಸಿದೆ. ಎರಡು ಸಲ ಸೊಟ್ಟಗಾಯಿತು, ಮೂರನೆಯದು ನಿಂತಿತು. ಮಾರನೇ ದಿನ ಅಣ್ಣ ಅದರ ಕತ್ತರಿಸಿದ ಮೂಲೆಯನ್ನು ಬೆರಳಲ್ಲಿ ಹುಡುಕಿ ಎರಡು ಸಲ ಸವರಿದ. ಆಮೇಲೆ ಮಗಳನ್ನು ಕೂಗಿ, ಹಸಿವಾಗ್ತೈತೆ, ಮುದ್ದೆ ಹಾಕು ಅಂದ.

ಈಗ ಬಂದವರಿಗೆಲ್ಲ ತಾನು ಇಂಜಿನ್ ಗುದ್ದಿಸಿದ ಕತೆ ಹೇಳಿ ನಗಿಸುತ್ತಾನೆ. ಅವನು ಹೇಳುವ ಮೊದಲೇ ಬಂದು ಕೂತಿದ್ದ ಆ ಮೊದಲನೆಯ ತೇಪೆಯ ವಿಷಯ ನಾನು ಅವನಿಗೆ ಇನ್ನೂ ಹೇಳಿಲ್ಲ. ಏನಂತ ಹೇಳಲಿ?